ಅರ್ಧಚಂದ್ರ ಕೀಲಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಕಡೆ ನೀವು ವಾಕಿಂಗಿಗೆ ಬಂದಿದ್ದರೆ ನಮ್ಮನ್ನು ನೋಡಿರುತ್ತೀರಿ. ನೋಡದಿದ್ದರೂ ನಮ್ಮ ಸದ್ದನ್ನಂತೂ ಕೇಳಿರುತ್ತೀರಿ. ಏಳೆಂಟು ಹಳೆಯ ಗಾಡಿಗಳು, ಪಕ್ಕದಲ್ಲಿ ಆ ಗಾಡಿಗಳಿಗಿಂತ ಹೆಚ್ಚೇನೂ ಕಿರಿಯರಲ್ಲದ ನಾವು. ಇದು ಮೈಸೂರು, ಹಾಗಾಗಿ ಹೆಚ್ಚಿನವು ಜಾವಾ, ಯೆಜ್ಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಈ ಬೈಕುಗಳು ಊರಿನವರಿಗೆ ಮನೆಮಕ್ಕಳಿದ್ದ ಹಾಗೆ. ಅವುಗಳ ಮಧ್ಯೆ ನನ್ನದೊಂದೇ ಪರದೇಶಿ: 1964ರ ಲ್ಯಾಂಬ್ರೆಟಾ ಸ್ಕೂಟರು. ನಾನು ಐದು ನಿಮಿಷ ತಡ ಮಾಡಿದರೆ ಸಾಕು, "ಇಟಲಿ ಸಾಹೇಬರು ಇನ್ನೂ ಕಿಕ್ ಹೊಡೀತಾ ಇರಬೇಕು" ಎಂದು ಯಾರಾದರೂ ಅನ್ನುತ್ತಾರೆ. ಜಾವಾದ ಮೂಲವೂ ಜೆಕೊಸ್ಲೊವಾಕಿಯಾ ಎಂದು ನಾನು ನೆನಪಿಸಿದರೆ ಯಾರಿಗೂ ಕೇಳಿಸುವುದಿಲ್ಲ.

ನನ್ನ ಸ್ಕೂಟರು ಸಾಹೇಬರ ಮನೆಯದೇನಲ್ಲ. ಇಟಲಿಯ ಮಿಲಾನ್ ನಗರದಲ್ಲಿ ಲ್ಯಾಂಬ್ರಾಟೆ ಎಂಬ ಬಡಾವಣೆಯಿದೆ. ಅಲ್ಲಿ ಹರಿಯುವ ಲ್ಯಾಂಬ್ರೊ ನದಿಯಿಂದ ಬಂದ ಹೆಸರು. ಅಲ್ಲಿ ಫರ್ಡಿನಾಂಡೊ ಇನೊಸೆಂಟಿ ಎಂಬುವರ ಉಕ್ಕಿನ ಕೊಳವೆಗಳ ಕಾರ್ಖಾನೆಯಿತ್ತು. ಎರಡನೇ ಮಹಾಯುದ್ಧದ ಬಾಂಬು ಅದನ್ನು ಹಾಳುಗೆಡವಿತು. ಯುದ್ಧ ಮುಗಿದಾಗ ಜನರ ಕೈಯಲ್ಲಿ ಕಾಸಿಲ್ಲ, ಓಡಾಡಲು ವಾಹನವಿಲ್ಲ. ಕೊಳವೆ ಮಾಡಿ ಗೊತ್ತಿದ್ದ ಮನುಷ್ಯ ಕೊಳವೆಯ ಚೌಕಟ್ಟಿಗೇ ಒಂದು ಪುಟ್ಟ ಎಂಜಿನ್ ಕೂರಿಸಿ 1947ರಲ್ಲಿ ಸ್ಕೂಟರು ಹೊರತಂದರು. 1950ರ ದಶಕದಲ್ಲಿ ಬೊಂಬಾಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ ಅದನ್ನು ನಮ್ಮಲ್ಲೂ ಜೋಡಿಸತೊಡಗಿತು. ನನ್ನದು ಅಲ್ಲಿಂದ ಬಂದದ್ದು. 1971ರಲ್ಲಿ ಇಟಲಿಯಲ್ಲಿ ಉತ್ಪಾದನೆಯೇ ನಿಂತುಹೋಯಿತು. ಮರುವರ್ಷ ಹುಟ್ಟಿದ ಸರ್ಕಾರಿ ಕಂಪನಿ ಸ್ಕೂಟರ್ಸ್ ಇಂಡಿಯಾ ಅಲ್ಲಿನ ಯಂತ್ರಗಳನ್ನೇ ಕೊಂಡು ಲಖನೌಗೆ ತಂದಿತು. ವಿಜಯ್ ಸೂಪರ್ ಸ್ಕೂಟರು ಹುಟ್ಟಿದ್ದು ಹಾಗೆ. 1997ರಲ್ಲಿ ಅದೂ ಮುಗಿಯಿತು. ಇಂದು ಯೂರೋಪಿನ ಲ್ಯಾಂಬ್ರೆಟಾ ಹುಚ್ಚರಿಗೂ ಎಷ್ಟೋ ಬಿಡಿಭಾಗಗಳು ಹೋಗುವುದು ನಮ್ಮ ದೇಶದಿಂದಲೇ.

ಅಪ್ಪ ಇದನ್ನು 1971ರಲ್ಲಿ ಒಬ್ಬ ಡಾಕ್ಟರಿಂದ ಸೆಕೆಂಡ್ ಹ್ಯಾಂಡ್ ಕೊಂಡರು. ಅವರು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸ್ಕೂಟರಿನ ವಿಷಯದಲ್ಲೂ ಗಣಿತದ ಶಿಸ್ತು. ಪೆಟ್ರೋಲಿಗೆ ಎಣ್ಣೆಯನ್ನು ಅಳೆದೇ ಬೆರೆಸಬೇಕು. ಭಾನುವಾರ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಮಸಿ ತೆಗೆಯಬೇಕು. ಆಗ ಬೀದಿಯಲ್ಲಿ ಬೇರೆ ಸ್ಕೂಟರಿನವರು ಗಾಡಿಯನ್ನು ಒಂದು ಪಕ್ಕಕ್ಕೆ ಬಗ್ಗಿಸಿ, ನೆಟ್ಟಗೆ ಮಾಡಿ, ಆಮೇಲೆ ಕಿಕ್ ಹೊಡೆಯುತ್ತಿದ್ದರು. ಅಪ್ಪ ಅದನ್ನು ನೋಡಿ ಮುಗುಳ್ನಗುತ್ತಿದ್ದರು. "ನಮ್ಮದರಲ್ಲಿ ಎಂಜಿನ್ ಮಧ್ಯದಲ್ಲಿದೆ ಕಣೋ. ಯಾರ ಮುಂದೆಯೂ ಬಗ್ಗೋ ಹಾಗಿಲ್ಲ" ಅನ್ನುತ್ತಿದ್ದರು.

1986ರಲ್ಲಿ ನಾನು ಬಗ್ಗಿದೆ. ದ್ವಿತೀಯ ಪಿಯುಸಿಯಲ್ಲಿ ಫೇಲು, ಅದೂ ಗಣಿತದಲ್ಲಿ. ಅಪ್ಪನ ಹಳೆಯ ವಿದ್ಯಾರ್ಥಿಗಳು ಪಾಸಾಗಿ ಮನೆಗೆ ಸಿಹಿ ತಂದರು. ಅಮ್ಮ ಅದನ್ನು ಇಸಕೊಂಡು ಒಳಗಿಟ್ಟರು, ಯಾರೂ ತಿನ್ನಲಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ನಾಲ್ಕು ದಿನ ಮಾತೇ ಆಡಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

ಅದೇ ಹೊತ್ತಿಗೆ ಸ್ಕೂಟರೂ ಮುಷ್ಕರ ಹೂಡಿತ್ತು. ಎಷ್ಟು ಕಿಕ್ ಹೊಡೆದರೂ ಸೈಲೆನ್ಸರಿನಿಂದ ಒಂದು ಢಮ್ ಎಂಬ ಸದ್ದು, ಮತ್ತೆ ಮೌನ. ಐದನೆಯ ದಿನ ಅಪ್ಪ ಬಾಯಿ ಬಿಟ್ಟರು: "ಗಾಡಿ ತಳ್ಳಿಕೊಂಡು ಚಾಚಾನ ಅಂಗಡಿಗೆ ಹೋಗು. ಸರಿಯಾಗೋ ತನಕ ದಿನಾ ಅಲ್ಲೇ ಇರು."

ಓದದಿದ್ದರೆ ಮೆಕ್ಯಾನಿಕ್ ಆಗ್ತೀಯ ಎಂದು ಹೆದರಿಸುವುದು ಆಗಿನ ಮನೆಮನೆಯ ಮಾತು. ಅಪ್ಪ ಅದನ್ನು ಮಾಡಿಯೇ ತೋರಿಸಿದರೆಂದು ಕಣ್ಣೀರು ಬಂತು. ಗಾಡಿ ತಳ್ಳುವಾಗ ದಾರಿಯಲ್ಲಿ ಕಂಡವರೆಲ್ಲ ನನ್ನ ಅಂಕಪಟ್ಟಿಯನ್ನೇ ಓದುತ್ತಿದ್ದಾರೆ ಅನ್ನಿಸಿತು.

ಚಾಚಾ ಎಂದೇ ನಾವೆಲ್ಲ ಕರೆಯುತ್ತಿದ್ದ ಆ ಮುದುಕ ಮೆಕ್ಯಾನಿಕ್ ನನ್ನ ಫಲಿತಾಂಶ ಕೇಳಲಿಲ್ಲ. ಒಂದು ಸ್ಪ್ಯಾನರ್ ಕೊಟ್ಟು, "ಪ್ಲಗ್ ತೆಗೆ" ಎಂದರು. ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಹೊಡೆದರೆ ನೀಲಿ ಕಿಡಿ ಚಟ್ ಎಂದಿತು. ಪೆಟ್ರೋಲ್ ಬರುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ಟಿನ ಸೂಜಿಗಣ್ಣಿನಷ್ಟು ತೂತಿಗೆ ಗಾಳಿ ಊದಿ ಜೋಡಿಸಿದ್ದಾಯಿತು. ಕಂಪ್ರೆಷನ್ನೂ ಇತ್ತು. ಮೂರು ದಿನ ಒಂದೊಂದೇ ತೆಗೆದು ನೋಡಿದೆವು. ಎಲ್ಲವೂ ಸರಿ, ಗಾಡಿ ಮಾತ್ರ ಏಳದು. ಚಾಚಾಗೆ ಮೊದಲ ದಿನವೇ ಅನುಮಾನವಿತ್ತೆಂದು ನನಗೆ ಆಮೇಲೆ ಹೊಳೆಯಿತು. ಹುಡುಕುವುದನ್ನು ಕಲಿಯಲಿ ಎಂದು ಸುಮ್ಮನಿದ್ದರೋ ಏನೋ.

ನಾಲ್ಕನೆಯ ದಿನ ಪುಲ್ಲರ್ ಹಾಕಿ ಫ್ಲೈವೀಲ್ ಎಳೆದರು. ಅದನ್ನು ಕ್ರ್ಯಾಂಕಿನ ತುದಿಯಲ್ಲಿ ಸರಿಯಾದ ಜಾಗದಲ್ಲಿ ನಿಲ್ಲಿಸಲು ಉಗುರಿನಷ್ಟು ಚಿಕ್ಕದಾದ, ಅರ್ಧಚಂದ್ರಾಕಾರದ ಒಂದು ಕೀಲಿಯಿರುತ್ತದೆ. ಅದು ತುಂಡಾಗಿತ್ತು. ಫ್ಲೈವೀಲ್ ಒಂದಿಷ್ಟು ತಿರುಗಿ ಕೂತಿತ್ತು. ಪಿಸ್ಟನ್ ಮೇಲೆ ಬಂದು ಗ್ಯಾಸನ್ನು ಒತ್ತಿದ ಗಳಿಗೆಗೆ ಸರಿಯಾಗಿ ಬರಬೇಕಾದ ಕಿಡಿ ಬೇರೆ ಯಾವುದೋ ಗಳಿಗೆಯಲ್ಲಿ ಬರುತ್ತಿತ್ತು. ಚಾಚಾ ಆ ಎರಡು ಚೂರುಗಳನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಕಿಡಿ ಐತೆ, ಪೆಟ್ರೋಲ್ ಐತೆ. ಟೈಮಿಂಗ್ ಔಟು ಬೇಟಾ, ಅಷ್ಟೇ." ಹೊಸ ಕೀಲಿಗೆ ಆದದ್ದು ಚಿಲ್ಲರೆ ಕಾಸು. ಮೂರನೆಯ ಕಿಕ್ಕಿಗೆ ಗಾಡಿ ಎದ್ದಿತು.

ಸಂಜೆ ಅಪ್ಪನಿಗೆ ಚೂರುಗಳನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದ ಅವರ ಪ್ರಶ್ನೆ ಮೇಷ್ಟ್ರಿಗೆ ತಕ್ಕದ್ದು: "ಯಾಕೆ ತುಂಡಾಯಿತು?"

ಚಾಚಾ ಹೇಳಿದ್ದನ್ನೇ ಹೇಳಿದೆ. ಫ್ಲೈವೀಲನ್ನು ನಿಜವಾಗಿ ಹಿಡಿದಿಡುವುದು ಆ ಕೀಲಿಯಲ್ಲ. ಅದು ಜಾಗ ತೋರಿಸುತ್ತದೆ, ಅಷ್ಟೆ. ಹಿಡಿದಿಡುವುದು ನಟ್ಟಿನ ಬಿಗಿ. ನಟ್ಟು ಸಡಿಲವಿದ್ದರೆ ಭಾರವೆಲ್ಲ ಪಾಪ ಆ ಚಿಕ್ಕ ಕೀಲಿಯ ಮೇಲೆ ಬೀಳುತ್ತದೆ, ಅದು ಮುರಿಯುತ್ತದೆ. ಹಿಂದಿನ ಸಲ ಯಾರೋ ಬಿಚ್ಚಿ ಸರಿಯಾಗಿ ಬಿಗಿ ಮಾಡಿಲ್ಲ.

ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. "ಮಾರ್ಚಿನಲ್ಲಿ ಪಾಯಿಂಟ್ ಬದಲಿಸೋಕೆ ಬಿಚ್ಚಿದ್ದು ನಾನೇ. ಸರಿಯಾದ ಸಾಮಾನು ಇರಲಿಲ್ಲ, ಕೈಗೆ ಬಂದಷ್ಟು ಬಿಗಿ ಮಾಡಿ ಬಿಟ್ಟೆ. ತಪ್ಪು ನನ್ನದೇ" ಎಂದರು.

ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಆಗ ಅವರು, ಸ್ಕೂಟರಿನ ವಿಷಯವನ್ನೇ ಮುಂದುವರಿಸುತ್ತಿರುವವರಂತೆ, "ಗಣಿತ ನಿನಗೆ ಎಲ್ಲಿಂದ ಬಿಟ್ಟುಹೋಯಿತು?" ಎಂದು ಕೇಳಿದರು.

ಎರಡು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಎಷ್ಟು ಬಂತು ಎಂದು ಎಲ್ಲರೂ ಕೇಳಿದ್ದರು. ಎಲ್ಲಿ ಬಿಟ್ಟುಹೋಯಿತು ಎಂದು ಕೇಳಿರಲಿಲ್ಲ. ನಾನು ನಿಜ ಹೇಳಿದೆ: ಮೊದಲ ತಿಂಗಳಲ್ಲೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು ಪಿಯುಸಿಗೆ ಹೋದ ದಿನದಿಂದ ಎಲ್ಲವೂ ಇಂಗ್ಲಿಷ್. ಫಂಕ್ಷನ್ ಅಂದರೆ ನನಗೆ ಗೊತ್ತಿದ್ದದ್ದು ಮದುವೆ, ಮುಂಜಿ. ಲೆಕ್ಚರರು ಬೋರ್ಡಿನ ಮೇಲೆ ಫಂಕ್ಷನ್ ಎಂದು ಬರೆದಾಗ ನಾನು ಗಲಿಬಿಲಿಗೊಂಡು ಕೂತೆ. ಪಕ್ಕದವನನ್ನು ಕೇಳಲು ನಾಚಿಕೆ, ಮನೆಯಲ್ಲಿ ಕೇಳಲು ಭಯ. ಗಣಿತದ ಮೇಷ್ಟ್ರ ಮಗನಿಗೆ ಅಷ್ಟೂ ಗೊತ್ತಿಲ್ಲವೇ ಅಂದಾರು! ಅಲ್ಲಿಂದ ಎರಡು ವರ್ಷ ಕಿಡಿ ಒಂದು ಕಡೆ, ಪಿಸ್ಟನ್ ಒಂದು ಕಡೆ.

ಮರುದಿನ ಅಪ್ಪ ಇನ್ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಹಾಳೆಗೂ ಮಧ್ಯದಲ್ಲಿ ಗೆರೆ ಎಳೆದರು. ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನದು. ಮೊದಲ ಪುಟದಿಂದ ಶುರು. ಪವಾಡವೇನೂ ನಡೆಯಲಿಲ್ಲ. ಅಕ್ಟೋಬರ್ ಪರೀಕ್ಷೆಯಲ್ಲಿ 52 ಅಂಕ ಬಂತು. ನಾನು ಎಂಜಿನಿಯರೂ ಆಗಲಿಲ್ಲ, ಡಿಗ್ರಿ ಮುಗಿಸಿ ಬ್ಯಾಂಕು ಸೇರಿದೆ. ಆದರೆ ಅಪ್ಪನಿಗೂ ನನಗೂ ನಡುವೆ ಅಂದು ಶುರುವಾದ ಮಾತು 2011ರಲ್ಲಿ ಅವರು ತೀರಿಕೊಳ್ಳುವ ತನಕ ನಿಲ್ಲಲಿಲ್ಲ.

ಅವರ ಬಳಿಕ ಏಳು ವರ್ಷ ಸ್ಕೂಟರು ಟಾರ್ಪಾಲಿನ ಕೆಳಗೆ ನಿಂತಿತ್ತು. 2018ರಲ್ಲಿ ಅದನ್ನು ಮತ್ತೆ ಎಬ್ಬಿಸಿದ್ದು ಈ ಕೆರೆಯ ಬಳಿಯ ಗೆಳೆಯರು. ಒಬ್ಬರು ಹಳೆಯ ಟ್ಯಾಂಕಿನ ತುಕ್ಕು ತೆಗೆದುಕೊಟ್ಟರು, ಇನ್ನೊಬ್ಬರು ಕ್ಲಚ್ ಪ್ಲೇಟು ಹುಡುಕಿ ತಂದರು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಭಾಗಗಳು ಬೇಗ ಕೆಡುತ್ತವೆ. ಆ ಚಿಂತೆಯನ್ನೂ ಹಂಚಿಕೊಳ್ಳುತ್ತೇವೆ. ಹಳೆಯ ಗಾಡಿ ಒಬ್ಬನಿಂದ ಸಾಕಲಾಗುವುದಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ನನ್ನ ಗಾಡಿ ಮೂರು ಸಲ ನಿಂತಿತು. ತಣ್ಣಗಿದ್ದಾಗ ಹೊರಡುತ್ತದೆ, ಬಿಸಿಯಾದರೆ ನಿಲ್ಲುತ್ತದೆ. ಕಂಡೆನ್ಸರ್ ಹೋಗಿದೆ ಎಂಬುದರ ಲಕ್ಷಣ ಅದು. ಜೊತೆಗೆ ನಿಂತ ಜಾವಾ ಗೆಳೆಯ ಆ ದಿನ ಒಬ್ಬನೇ ಬಂದಿದ್ದ. ಹಿಂದಿನ ಸೀಟಿನಲ್ಲಿ ಯಾವಾಗಲೂ ಇರುವ ಮಗನೆಲ್ಲಿ ಎಂದೆ. "ರಿಸಲ್ಟ್ ಬಂತು ಸಾರ್. ರೂಮಿನಿಂದ ಆಚೆ ಬರ್ತಿಲ್ಲ. ನಾನೂ ಮಾತಾಡಿಸಿಲ್ಲ" ಎಂದ.

ಉಪದೇಶ ನನಗೆ ಬರುವುದಿಲ್ಲ. ಮುಂದಿನ ಭಾನುವಾರ ನನ್ನ ಫ್ಲೈವೀಲ್ ಬಿಚ್ಚಬೇಕು, ಒಂದು ಕೈ ಬೇಕು, ಹುಡುಗನನ್ನು ಕರೆತಾ ಎಂದೆ. ಹುಡುಗ ಬಂದ. ತಲೆ ಎತ್ತದೆ ಕೂತ. ಸ್ಪ್ಯಾನರ್ ಹಿಡಿದ ಕೂಡಲೇ ಅಪ್ಪ, "ಹಾಗಲ್ಲ, ಹೀಗೆ" ಎಂದು ಶುರುಮಾಡಿದ. ಅವನನ್ನು ನಮ್ಮಾಕೆಯ ಹತ್ತಿರ ಕಾಫಿ ಕೇಳಲು ಒಳಗೆ ಕಳಿಸಿದೆ. ಅರ್ಧಚಂದ್ರ ಕೀಲಿ ಯಾವುದು, ಅದು ಏನು ಮಾಡುತ್ತದೆ, ಯಾವಾಗ ಮುರಿಯುತ್ತದೆ ಎಂಬುದನ್ನಷ್ಟೇ ತೋರಿಸಿದೆ. ಮುರಿದ ಆ ಹಳೆಯ ಚೂರುಗಳು ಅಪ್ಪನ ಕಂಪಾಸ್ ಬಾಕ್ಸಿನಲ್ಲಿ ಇಂದಿಗೂ ಇವೆ. ಅವನ್ನೂ ಅವನ ಕೈಗೆ ಕೊಟ್ಟೆ.

ಹೊಸ ಕಂಡೆನ್ಸರ್ ಹಾಕಿ ಫ್ಲೈವೀಲ್ ಕೂರಿಸಿದ್ದಾಯಿತು. ಹುಡುಗ ನಟ್ಟನ್ನು ತಿರುಗಿಸಿ, ಅಂದು ಬೆಳಿಗ್ಗೆಯಿಂದ ಮೊದಲ ಸಲ ನನ್ನ ಮುಖ ನೋಡಿ ಕೇಳಿದ:

"ಇಷ್ಟು ಸಾಕಾ ಅಂಕಲ್?"

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡಿದೆ. "ಇನ್ನು ಸ್ವಲ್ಪ. ಬಾರಪ್ಪಾ, ಫ್ಲೈವೀಲ್ ತಿರುಗದ ಹಾಗೆ ನೀನು ಈ ಕಡೆ ಹಿಡಿದುಕೋ" ಎಂದೆ.