ಕರ್ಣನಾದವೋ, ಮೋಟಾರಿನ ನಾದವೋ?

ಎಳೆತನದಲ್ಲಿ ಮನುಷ್ಯನು ತನ್ನ ಇಂದ್ರಿಯಗಳನ್ನು ನಂಬುವಷ್ಟು ಮತ್ತಾವುದನ್ನೂ ನಂಬುವುದಿಲ್ಲ; ಅರುವತ್ತು ದಾಟಿದ ಮೇಲೆ ಅವುಗಳನ್ನು ಸಂಶಯಿಸುವಷ್ಟು ಮತ್ತಾವುದನ್ನೂ ಸಂಶಯಿಸುವುದಿಲ್ಲ. ಅಕ್ಷರವು ಮಸುಕಾಗಿ ಕಂಡರೆ ದೀಪವು ಮಂದವಾಯಿತೆನ್ನದೆ ಕಣ್ಣೇ ಹೋಯಿತೆನ್ನುವೆವು. ಇಂತಹ ಒಂದು ಭ್ರಾಂತಿಯಲ್ಲಿ ನಾನು ವರುಷಕ್ಕೂ ಮಿಕ್ಕಿ ಸಿಲುಕಿದ್ದೆನು. ಅದರಿಂದ ಹೊರಬಂದ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು. ವಿಷಯವಾದರೋ ಮೋಟಾರು ಗಾಡಿಯೊಳಗಿನ ಹಾಡಿನ ಯಂತ್ರ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಬದುಕೆಲ್ಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರನಿಗೆ ಇದರ ಗೊಡವೆ ಏಕೆಂದು ಕೇಳುವವರು ಸ್ವಲ್ಪ ತಾಳಬೇಕೆಂದು ಬಿನ್ನಹ.

ಬೆಂಗಳೂರಿನಲ್ಲಿರುವ ನನ್ನ ಮಗನು ಹೊಸ ಗಾಡಿ ಕೊಂಡಾಗ ತನ್ನ ಹಳೆಯ ಡೀಸೆಲ್ ಕಾರನ್ನು ಬೇವೂರಿಗೆ ತಂದು ನಮಗೆ ಬಿಟ್ಟುಹೋದನು. ನನಗೆ ಗಾಡಿ ನಡೆಸಲು ಬಾರದು. ನನ್ನ ತಮ್ಮನ ಮಗನು ನಡೆಸುವನು. ತಿಂಗಳಿಗೊಮ್ಮೆ ಔಷಧಕ್ಕೆಂದೋ ಪಿಂಚಣಿಯ ಕೆಲಸಕ್ಕೆಂದೋ ಕುಷ್ಟಗಿಗೆ ಇಲ್ಲವೆ ಕೊಪ್ಪಳಕ್ಕೆ ಹೋಗಿಬರುವೆವು. 1994ರಲ್ಲಿ, ಮಗನು ಶಾಲೆಯ ಹುಡುಗನಾಗಿದ್ದಾಗ, ತನ್ನ ತಾಯಿ ಹಾಡುತ್ತಿದ್ದ ಬೀಸುವ ಪದಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದನು. ಆಕೆ ತೀರಿಕೊಂಡು ಐದು ವರುಷಗಳಾದವು. ಆ ಕ್ಯಾಸೆಟ್ಟನ್ನು ಅವನು ಪೆನ್‌ಡ್ರೈವಿಗೆ ಇಳಿಸಿ ಗಾಡಿಯೊಡನೆಯೇ ಕೊಟ್ಟಿದ್ದನು. ನಮ್ಮದು ತುಂಬಿದ ಮನೆ. ನಾಲ್ಕು ಜನರ ನಡುವೆ ಕುಳಿತು ಕೇಳುವ ಹಾಡು ಅದಲ್ಲ. ಊರಿನ ಬೇವಿನ ಗಿಡಗಳು ಹಿಂದೆ ಬಿದ್ದು ಎರೆಹೊಲಗಳು ತೊಡಗಿದ ಮೇಲೆ ಹುಡುಗನು ತಾನಾಗಿಯೇ ಅದನ್ನು ಹಚ್ಚುವನು. ನಾನು ಹೊರಗೆ ನೋಡುತ್ತ ಕೇಳುವೆನು.

ಆ ಹಾಡಿನ ಹಿಂದೆ ತೆಳ್ಳನೆಯ ಒಂದು ಸಿಳ್ಳು ಕೇಳಿಸುತ್ತಿತ್ತು. ರಾತ್ರಿ ಹಾಸಿಗೆಯಲ್ಲಿಯೂ ನನ್ನ ಕಿವಿಯೊಳಗೆ ಜುಂಯ್ ಎಂಬ ಧ್ವನಿಯೊಂದು ಕೆಲವು ಕಾಲದಿಂದ ಇದ್ದೇ ಇತ್ತು. ಸುಶ್ರುತನು ಎಣಿಸಿದ ಇಪ್ಪತ್ತೆಂಟು ಕರ್ಣರೋಗಗಳಲ್ಲಿ ಕಿವಿಯೊಳಗೆ ತಾನಾಗಿ ನಾದವೇಳುವುದೂ ಒಂದು. ಎರಡನ್ನೂ ಸೇರಿಸಿ, ಇದು ಆ ಕರ್ಣನಾದವೇ, ಕಿವುಡಿನ ಮುಂಬಾಗಿಲು ಎಂದು ತೀರ್ಮಾನಿಸಿಕೊಂಡೆನು. ಯಾರಿಗೂ ಹೇಳಲಿಲ್ಲ. ಒಮ್ಮೆ ಹುಡುಗನು ಸ್ಪೀಕರುಗಳು ಹಳೆಯವಾದುವೆಂದು ಹೇಳಿ ಕೊಪ್ಪಳದ ಅಂಗಡಿಯೊಂದರಲ್ಲಿ ಹೊಸವನ್ನು ಹಾಕಿಸಿದನು. ಸಿಳ್ಳು ಮೊದಲಿನಂತೆಯೇ ಉಳಿಯಿತು. ಯಂತ್ರವು ಹೊಸದಾದರೂ ಸಿಳ್ಳು ಹೋಗದಿದ್ದ ಮೇಲೆ ದೋಷವು ನನ್ನದೇ ಎಂಬುದು ನನಗೆ ಸಿದ್ಧಾಂತವಾಯಿತು.

ಕುಷ್ಟಗಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನೊಬ್ಬನು ನನ್ನ ಹಳೆಯ ವಿದ್ಯಾರ್ಥಿ. ಒಂದು ದಿನ ಅವನನ್ನು ಪೇಟೆಯವರೆಗೆ ಗಾಡಿಯಲ್ಲಿ ಕೂರಿಸಿಕೊಂಡೆವು. ಕುಳಿತು ನಿಮಿಷವಾಗಿರಲಿಲ್ಲ, ಕೇಳಿಯೇಬಿಟ್ಟನು:

“ಸರ, ಈ ಕುಂಯ್ ಅನ್ನೂದು ಯಾವಾಗಿಂದ ಐತ್ರಿ?”

“ನಿನಗೂ ಕೇಳಸ್ತೈತೇನು?”

“ಕೇಳಸ್ದ ಏನ್ರಿ ಸರ! ಇಷ್ಟ ಜೋರ ಐತಿ.”

ಆಗ ನನ್ನ ತಮ್ಮನ ಮಗನು ಮೆಲ್ಲಗೆ ಹೇಳಿದನು: “ನನಗೂ ಮೊದಲಿಂದ ಕೇಳಸ್ತೈತಿ ದೊಡ್ಡಪ್ಪ. ದೊಡ್ಡವ್ವನ ಪದ ಕೆಟ್ಟೈತಿ ಅಂತ ನಿಮಗ ಹೆಂಗ ಹೇಳ್ಲಿ ಅಂತ ಸುಮ್ಮಿದ್ದೆ. ಅದಕ್ಕ ಸ್ಪೀಕರ್ ಹಾಕ್ಸಿದ್ದೆ.”

ನನ್ನನ್ನು ನೋಯಿಸಬಾರದೆಂದು ಅವನೂ, ಅವನನ್ನು ಕಂಗೆಡಿಸಬಾರದೆಂದು ನಾನೂ, ಒಂದೇ ಸಿಳ್ಳನ್ನು ಅಕ್ಕಪಕ್ಕ ಕುಳಿತು ಒಂದು ವರುಷ ಮೌನವಾಗಿ ಕೇಳಿದ್ದೆವು. ಹಣ ಖರ್ಚಾಗಿತ್ತು, ದೋಷವು ಉಳಿದಿತ್ತು.

ಅಂದು ನಡೆದ ಪರೀಕ್ಷೆಯನ್ನು ಕಂಡು ನನಗೆ ಪಾಠಶಾಲೆಯ ದಿನಗಳು ನೆನಪಾದುವು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ಅನ್ವಯ ವ್ಯತಿರೇಕಗಳನ್ನು ಬಲ್ಲರು. ಯಾವುದು ಇದ್ದರೆ ಕಾರ್ಯವು ಇರುವುದೋ, ಯಾವುದು ಇಲ್ಲದಿದ್ದರೆ ಇಲ್ಲದಾಗುವುದೋ, ಅದನ್ನು ಕಾರಣವೆಂದು ಹಿಡಿಯಬೇಕು. ಮಡಕೆಗೆ ಮಣ್ಣು ಹೊತ್ತು ತಂದ ಕತ್ತೆಯು ಮಡಕೆಗಿಂತ ಮೊದಲೇ ಅಲ್ಲಿದ್ದರೂ ಅದು ಮಡಕೆಯ ಕಾರಣವಲ್ಲ. ಹೊರುವುದಕ್ಕೆ ಬೇರೊಂದು ಪಶುವಿದ್ದರೂ ಮಡಕೆ ಆಗುತ್ತಿತ್ತು. ನಾವು ಬದಲಿಸಿದ ಸ್ಪೀಕರುಗಳು ಇಂತಹ ಕುಂಬಾರನ ಕತ್ತೆಗಳು. ನನ್ನ ವಿದ್ಯಾರ್ಥಿಯು ತರ್ಕಸಂಗ್ರಹದ ಹೆಸರನ್ನೂ ಕೇಳಿದವನಲ್ಲ. ಆದರೆ ಅದನ್ನು ನನಗಿಂತ ಚೆನ್ನಾಗಿ ಪ್ರಯೋಗಿಸಿದನು.

ಮೊದಲು ಎಂಜಿನನ್ನು ನಿಲ್ಲಿಸಿ, ಚಾವಿಯನ್ನು ಅರ್ಧ ತಿರುವಿ, ಹಾಡನ್ನು ಮಾತ್ರ ಹಚ್ಚಿದನು. ಸಿಳ್ಳು ಇಲ್ಲ. ಎಂಜಿನು ಚಾಲೂ ಆದೊಡನೆ ಬಂದಿತು. ಎಕ್ಸಲೇಟರ್ ತುಳಿದಂತೆ ಅದರ ಶ್ರುತಿಯು ಏರಿತು, ಬಿಟ್ಟಂತೆ ಇಳಿಯಿತು. ನನ್ನ ಕಿವಿಗೂ ಎಕ್ಸಲೇಟರಿಗೂ ಸಂಬಂಧವಿರಲಾರದಷ್ಟೆ! ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಬರೆದು ತಿಳಿಸಲಾರೆನು.

ಶ್ರುತಿಯು ಎಂಜಿನಿನೊಡನೆ ಏರುವುದಾದರೆ ಮೂಲವು ಡೈನಮೋ. ಮೆಕಾನಿಕರು ಹಳೆಯ ರೂಢಿಯಿಂದ ಡೈನಮೋ ಎಂದು ಕರೆಯುವ ಈ ಯಂತ್ರವು ಇಂದಿನ ಗಾಡಿಗಳಲ್ಲಿ ಆಲ್ಟರ್ನೇಟರ್ ಆಗಿದೆ. ಅದು ಹುಟ್ಟಿಸುವುದು ಹಿಂದುಮುಂದಾಗಿ ಹರಿಯುವ ವಿದ್ಯುತ್ತು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕಳಿಸುವುವು. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿದರೆ, ಎಂಜಿನು ಓಡುವಾಗ 14ರ ಆಸುಪಾಸು ಬರುವುದು. ಆದರೆ ಆ ಹರಿವು ಪೂರ್ತಿ ಸಮತಟ್ಟಲ್ಲ. ಅದರ ಮೇಲೆ ಸಣ್ಣ ತೆರೆಗಳು ಉಳಿದಿರುತ್ತವೆ. ಹನ್ನೆರಡು ಧ್ರುವಗಳುಳ್ಳ ಸಾಮಾನ್ಯ ಬಗೆಯ ಆಲ್ಟರ್ನೇಟರಿನಲ್ಲಿ ಸುತ್ತೊಂದಕ್ಕೆ 36 ತೆರೆಗಳು. ಅದು ನಿಮಿಷಕ್ಕೆ 1800 ಸುತ್ತು, ಎಂದರೆ ಸೆಕೆಂಡಿಗೆ 30 ಸುತ್ತು ತಿರುಗಿದರೆ, ಸೆಕೆಂಡಿಗೆ 1080 ತೆರೆಗಳಾದುವು. ಮನುಷ್ಯನ ಕಿವಿಗೆ ಇದು ಸ್ಪಷ್ಟವಾದ ಸಿಳ್ಳು. ಪೆಟ್ರೋಲ್ ಗಾಡಿಗಳಲ್ಲಿ ಕಿಡಿ ಹಾರುವ ಪ್ಲಗ್ಗುಗಳಿಂದ ಟಿಕ್ ಟಿಕ್ ಎಂಬ ಬೇರೊಂದು ಉಪದ್ರವವೂ ಉಂಟಾಗುವುದು. ಡೀಸೆಲ್ ಗಾಡಿಗೆ ಅಂತಹ ಪ್ಲಗ್ಗುಗಳಿಲ್ಲವಾದುದರಿಂದ ಆ ಸಂಶಯವು ನಮಗೆ ಬರಲಿಲ್ಲ.

ಮೂಲವು ತಿಳಿದರೂ ಅದು ಹಾಡಿನೊಳಗೆ ಹೊಗುವ ಬಾಗಿಲು ತಿಳಿದಿರಲಿಲ್ಲ. ಸಿಳ್ಳು ರೇಡಿಯೋ ಹಚ್ಚಿದಾಗಲೂ ಇತ್ತು, ಪೆನ್‌ಡ್ರೈವಿನಲ್ಲಿಯೂ ಇತ್ತು. ಆದುದರಿಂದ ಏರಿಯಲ್ಲು ನಿರ್ದೋಷಿ. ಮೊಬೈಲಿನ ಚಾರ್ಜರನ್ನು ಕಿತ್ತು ನೋಡಿದನು, ಭೇದವಿಲ್ಲ. ಮೊಬೈಲನ್ನು ತಂತಿಯಿಂದ ಸೆಟ್ಟಿಗೆ ಜೋಡಿಸಿ ಅದೇ ಕಾಲಕ್ಕೆ ಗಾಡಿಯಲ್ಲಿಯೇ ಚಾರ್ಜಿಗೆ ಹಾಕುವವರ ಮನೆಯಲ್ಲಿ ಅನೇಕ ಸಲ ಕಳ್ಳನು ಇಲ್ಲಿಯೇ ಸಿಕ್ಕುವನೆಂದು ಹೇಳಿದನು. ಬಳಿಕ ಸೆಟ್ಟಿನ ಧ್ವನಿಯನ್ನು ಸೊನ್ನೆಗೆ ಇಳಿಸಿದನು. ಹಾಡು ಅಡಗಿತು, ಸಿಳ್ಳು ಅಷ್ಟೇ ಉಳಿಯಿತು. ಅಂದರೆ ಅದು ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ತಿರುವಿನ ಆಚೆಗೆ ಸೇರುತ್ತಿದೆ.

ಆಚೆಗೆ ಇರುವುದು ಡಿಕ್ಕಿಯಲ್ಲಿ ಕೂಡಿಸಿದ ಆಂಪ್ಲಿಫೈಯರ್. ಅದನ್ನು ಆರಿಸಿ, ಸೆಟ್ಟಿನಿಂದ ಹಾಡನ್ನು ತರುವ ಎರಡು ತಂತಿಗಳನ್ನು ಬಿಡಿಸಿ, ಮತ್ತೆ ಹಚ್ಚಿದನು. ಎಂಜಿನು ಓಡುತ್ತಿದ್ದರೂ ಸಿಳ್ಳು ನಿಂತಿತು. ಬಾಗಿಲು ಆ ತಂತಿಗಳೇ ಎಂದಾಯಿತು. ಬ್ಯಾಟರಿಯ ದಪ್ಪ ತಂತಿಯು ಪಕ್ಕದಲ್ಲಿಯೇ ಹಾಯ್ದಿದ್ದುದರಿಂದ ಅದರ ಸೋಂಕು ತಗಲಿರಬಹುದೆಂದು ಬೇರೆ ತಂತಿಯೊಂದನ್ನು ಸೀಟುಗಳ ಮೇಲಿನಿಂದ ದೂರವಾಗಿ ಎಳೆದು ಜೋಡಿಸಿದನು. ಸಿಳ್ಳು ತಿರುಗಿ ಬಂದಿತು. ಆ ಸಂಶಯವೂ ತೀರಿತು.

ಉಳಿದದ್ದು ಅರ್ಥಿಂಗ್. ಗಾಡಿಗೆ ಭೂಮಿಯ ಸಂಪರ್ಕವೇ ಇಲ್ಲ. ಅದರ ಕಬ್ಬಿಣದ ಮೈಯೇ ಅದಕ್ಕೆ ಭೂಮಿ. ಬ್ಯಾಟರಿಯ ಋಣಧ್ರುವವನ್ನು ಆ ಮೈಗೆ ಬಿಗಿದಿರುವರು. ಎಲ್ಲ ಉಪಕರಣಗಳ ವಿದ್ಯುತ್ತು ಅದರ ಮೂಲಕ ಹಿಂದಿರುಗುವುದು. ಪೃಥ್ವಿಯು ಒಂದೇ ಎಂದು ನಾವು ಎಣಿಸುವೆವು. ಇಲ್ಲಿ ಹಾಗಲ್ಲ. ಸೆಟ್ಟಿನ ಅರ್ಥವು ಮುಂದೆ ಒಂದೆಡೆ, ಆಂಪ್ಲಿಫೈಯರಿನದು ಹಿಂದೆ ಇನ್ನೊಂದೆಡೆ. ಹಿಂದಿನ ಬೋಲ್ಟನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಅಡಿಯಲ್ಲಿ ತುಕ್ಕು ಹಿಡಿದಿತ್ತು. ಎಂಜಿನು ಓಡುತ್ತಿರುವಾಗ ಎರಡು ಅರ್ಥಗಳ ನಡುವೆ ಮೀಟರು ಹಿಡಿದರೆ ವೋಲ್ಟಿನ ಹತ್ತನೆಯ ಒಂದಂಶದಷ್ಟು ಭೇದ ತೋರಿತು. ಹಾದಿಯು ಕೆಟ್ಟಿದ್ದುದರಿಂದ ಹಿಂದಿರುಗುವ ವಿದ್ಯುತ್ತಿನ ಒಂದು ಪಾಲು ಹಾಡಿನ ತಂತಿಯ ಹೊರಹೊದಿಕೆಯನ್ನೇ ಅಡ್ಡದಾರಿಯಾಗಿ ಹಿಡಿದು, ಡೈನಮೋದ ತೆರೆಯನ್ನು ಹಾಡಿನೊಡನೆ ಬೆರೆಸುತ್ತಿತ್ತು. ಹಿಗ್ಗಿಸುವುದೇ ಕೆಲಸವಾದ ಆಂಪ್ಲಿಫೈಯರು ಎರಡನ್ನೂ ಭೇದವಿಲ್ಲದೆ ಹಿಗ್ಗಿಸುತ್ತಿತ್ತು.

ಬ್ಯಾಟರಿಯ ಋಣದ ತಂತಿಯನ್ನು ಬಿಚ್ಚಿಟ್ಟು, ಪಾನಾದಿಂದ ಬೋಲ್ಟನ್ನು ತೆಗೆದು, ಕಬ್ಬಿಣವು ಬೆಳ್ಳಗೆ ಹೊಳೆಯುವವರೆಗೆ ಉಜ್ಜುಕಾಗದದಿಂದ ಉಜ್ಜಿ, ಗಿಡ್ಡವಾದ ದಪ್ಪ ತಂತಿಯೊಂದನ್ನು ಗಟ್ಟಿಯಾಗಿ ಬಿಗಿದನು. ಅರ್ಧ ತಾಸಿನ ಕೆಲಸ. ಎಂಜಿನು ಚಾಲೂ ಆಯಿತು. ಹಾಡು ಬಂದಿತು, ಸಿಳ್ಳು ಬರಲಿಲ್ಲ. ಅವನು ಹಣ ಮುಟ್ಟಲೊಲ್ಲನು. ಬಲವಂತ ಮಾಡಿ ಜೇಬಿನಲ್ಲಿಟ್ಟೆನು.

ಸಿಳ್ಳು ಹೋದ ಮೇಲೆ ಅದರ ಮರೆಯಲ್ಲಿದ್ದ ಇನ್ನೊಂದು ಸದ್ದು ಬಯಲಿಗೆ ಬಂದಿತು: ಸಣ್ಣ ಮಳೆ ಬಿದ್ದಂತೆ ಒಂದು ಸರಸರ. ಈಗ ನಾನೇ ಪರೀಕ್ಷಕನಾದೆನು. ಎಂಜಿನು ನಿಂತರೂ ಅದಿತ್ತು. ಬೇರೆ ಹಾಡಿಗೆ ಹೋದರೆ ಇರಲಿಲ್ಲ. ಹಾಗಾದರೆ ಅದು ಗಾಡಿಯದಲ್ಲ, ಕ್ಯಾಸೆಟ್ಟಿನದು. 1963ರಲ್ಲಿ ಫಿಲಿಪ್ಸ್ ಕಂಪನಿಯು ಹೊರತಂದ ಈ ಕ್ಯಾಸೆಟ್ಟಿನಲ್ಲಿ ಕಿರಿದಾದ ಪಟ್ಟಿಯು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಸಾಗುವುದು. ಅದರ ಮೇಲಿನ ಅಯಸ್ಕಾಂತದ ಕಣಗಳ ಒರಟುತನವೇ ಆ ಸರಸರ. ಮಗನಿಗೆ ತಿಳಿಸಲು ಅವನು ಕಂಪ್ಯೂಟರಿನಿಂದ ಅದನ್ನು ತೊಳೆದು ಕಳಿಸಿದನು. ಸದ್ದೇನೋ ಹೋಗಿತ್ತು. ಆದರೆ ಅದರೊಡನೆ ಆಕೆಯ ಸಕಾರ ಶಕಾರಗಳೂ, ಪದದ ಕೊನೆಗೆ ಎಳೆದುಕೊಳ್ಳುವ ಉಸಿರೂ, ಬೀಸುಕಲ್ಲಿನ ನುಣ್ಣನೆಯ ಗರಗರವೂ ಹೋಗಿದ್ದುವು. ಊಷ್ಮಾಕ್ಷರಗಳು ಇರುವ ಎತ್ತರದ ಶ್ರುತಿಗಳಲ್ಲಿಯೇ ಟೇಪಿನ ಸರಸರವೂ ಇರುವುದು. ಒಂದನ್ನು ಒರೆಸಿದರೆ ಇನ್ನೊಂದೂ ಒರೆಸಿಹೋಗುವುದು. ಮೊದಲಿನದೇ ಇರಲಿ ಎಂದು ಹೇಳಿದೆನು.

ಕಡೆಯದಾಗಿ ನನ್ನ ಕಿವಿ. ಗಾಡಿಯು ನಿಂತು, ಹಾಡು ನಿಂತು, ಊರು ಮಲಗಿದ ಮೇಲೆಯೂ ಆ ಜುಂಯ್ ನಿಲ್ಲಲಿಲ್ಲ. ಗಾಡಿಯ ದೋಷವು ಸಿಕ್ಕ ಮಾತ್ರಕ್ಕೆ ನನ್ನ ದೋಷವು ಇಲ್ಲವಾಗುವುದಿಲ್ಲ. ಹಾಗೆಂದುಕೊಂಡರೆ ಮೊದಲಿನ ತಪ್ಪನ್ನೇ ತಿರುವಿ ಹಾಕಿದಂತಾಗುವುದು. ಈ ಸಲ ಬಾಯಿಬಿಟ್ಟು ಹೇಳಿದೆನು. ಹುಡುಗನು ನನ್ನನ್ನು ಕೊಪ್ಪಳದ ಕಿವಿಯ ವೈದ್ಯರಲ್ಲಿಗೆ ಕರೆದೊಯ್ದನು. ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. ಎತ್ತರದ ಶ್ರುತಿಗಳು ನನಗೆ ಕಡಿಮೆಯಾಗಿವೆ, ವಯಸ್ಸಿನ ಧರ್ಮ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ನಷ್ಟವಾದರೆ ಮತ್ತೆ ಹುಟ್ಟುವುದಿಲ್ಲ. ಇಂತಹ ನಾದವು ಅನೇಕ ವೇಳೆ ಆ ನಷ್ಟದ ಜೊತೆಗಾರನಾಗಿ ಬರುವುದು. ಅದರೊಡನೆ ಬಾಳುವುದನ್ನು ಕಲಿಯಬಹುದು, ಬೇಕಾದರೆ ಶ್ರವಣಯಂತ್ರವು ಉಂಟು ಎಂದರು. ಕಿವಿ ಏಕಾಏಕಿ ಮಂದವಾದರೆ, ಇಲ್ಲವೆ ನಾದವು ಒಂದೇ ಕಿವಿಯಲ್ಲಿ ತೊಡಗಿದರೆ, ತಡಮಾಡದೆ ಬರತಕ್ಕದ್ದೆಂದೂ ಎಚ್ಚರಿಸಿದರು.

ಹೀಗೆ ನಾನು ಒಂದೆಂದು ತಿಳಿದು ಅಂಜಿದ್ದುದು ಮೂರಾಗಿ ಬೇರ್ಪಟ್ಟಿತು. ಒಂದನ್ನು ಉಜ್ಜಿ ಕಳೆದೆವು. ಒಂದನ್ನು ಕಳೆಯಬಹುದಾಗಿದ್ದರೂ ಉಳಿಸಿಕೊಂಡೆವು. ಒಂದನ್ನು ಕಳೆಯಲಾಗದೆಂದು ತಿಳಿದು ಹೊತ್ತುಕೊಂಡೆನು. ಯಾವುದು ಯಾವುದೆಂದು ತಿಳಿಯುವುದಕ್ಕೆ ಬೇಕಾದುದು ಎರಡೇ ಪ್ರಶ್ನೆಗಳು: ಇದು ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ? ಅವುಗಳಿಗಿಂತಲೂ ಮೊದಲು ಬೇಕಾದುದು, ನಿನಗೂ ಕೇಳಿಸುತ್ತದೆಯೇ ಎಂದು ಪಕ್ಕದಲ್ಲಿ ಕುಳಿತವನನ್ನು ಕೇಳುವುದು. ನಲವತ್ತು ಮಕ್ಕಳ ತರಗತಿಯಲ್ಲಿ ಸಂಶಯವಿದ್ದವರು ಕೈಯೆತ್ತಿರಿ ಎಂದು ದಿನವೂ ಹೇಳಿದ ನಾನು, ನನ್ನ ಕೈಯೆತ್ತಲು ಒಂದು ವರುಷ ತೆಗೆದುಕೊಂಡೆನು.

ಕಳೆದ ವಾರ ಕುಷ್ಟಗಿಗೆ ಹೋಗುವಾಗ ಹುಡುಗನು ಪದವನ್ನು ಹಚ್ಚಿದನು. ಬೀಸುಕಲ್ಲು ತಿರುಗಿತು; ಮಳೆಯಂತಹ ಸರಸರದೊಳಗಿಂದ ಆಕೆಯ ದನಿ ಬಂದಿತು. ನಡುವೆ ಒಂದೆಡೆ ಆಕೆ ಹಾಡು ನಿಲ್ಲಿಸಿ ಮಗನಿಗೆ ಏನೋ ಹೇಳುವಳು. ವರುಷವೆಲ್ಲ ಕೇಳಿದ್ದರೂ ಅದು ನನಗೆ ತಿಳಿದಿರಲಿಲ್ಲ. ಅಂದು ತಿಳಿಯಿತು: ಹೊರಗೆ ಕುಳಿತಿರುವ ಅಪ್ಪನಿಗೆ ನೀರು ಕೊಟ್ಟು ಬಾ, ಎಂದಿದ್ದಳು.