ಕಾಲು ಯಾವ ಕಡೆ?

ನಮ್ಮ ಕಲ್ಲೂರು ಸೀಮೆಯಲ್ಲಿ ಸೇತುವೆ ಚಲೋ ಐತೋ ಇಲ್ಲೋ ಎಂದು ತೀರ್ಮಾನಿಸುವವರು ಎಂಜಿನಿಯರುಗಳಲ್ಲ, ಸಂಜೆ ಹೊತ್ತು ಅದರ ಮೇಲೆ ಕೂಡುವವರು. ಎಷ್ಟು ಟನ್ ಭಾರ ತಡೆಯುತ್ತದೆ, ಎಷ್ಟು ದಪ್ಪದ ಕಬ್ಬಿಣ ಹಾಕಿದ್ದಾರೆ ಎನ್ನುವುದು ಸರಕಾರದ ಚಿಂತೆ. ಪಕ್ಕದ ಗೋಡೆ ಮೊಣಕಾಲೆತ್ತರಕ್ಕಿದೆಯೇ, ಮೈಯುಳ್ಳ ಮನುಷ್ಯನೊಬ್ಬ ಜಾರದೆ ಕೂಡುವಷ್ಟು ಅಗಲವಿದೆಯೇ, ಎಲೆ ಅಡಿಕೆಯ ಚಂಚಿ ಬಿಚ್ಚಿಡಲು ಮಗ್ಗುಲಲ್ಲಿ ಜಾಗ ಉಳಿಯುತ್ತದೆಯೇ, ಇವು ನಮ್ಮ ಚಿಂತೆ. ಇದರಲ್ಲಿ ಪಾಸಾದದ್ದು ಸೇತುವೆ. ಅದರ ಕೆಳಗೆ ನೀರು ಇರಲೇಬೇಕೆಂಬ ನಿಯಮವೇನೂ ಇಲ್ಲ.

ನೀರು ಇರುವುದೂ ಅಷ್ಟಕ್ಕಷ್ಟೇ. ತುಂಗಭದ್ರಾ ಎಡದಂಡೆ ಕಾಲುವೆ ಡ್ಯಾಮಿನಿಂದ ಹೊರಟು 227 ಕಿಲೋಮೀಟರ್ ಹರಿಯಬೇಕು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಿಗೆ ಎರಡೆರಡು ಸಲ ಬಡಿಸಿದ ಮೇಲೆ, ಕಡೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತ ಮಾನ್ವಿ, ಸಿರವಾರ, ರಾಯಚೂರಿನ ಕಡೆ ಬಕೀಟು ತಿರುಗುತ್ತದೆ. ಅಷ್ಟರಲ್ಲಿ ಬಕೀಟಿನ ತಳ ಕಾಣುತ್ತಿರುತ್ತದೆ. ಹಾಗಾಗಿ ನಮ್ಮ ಕೆನಾಲು ಸೇತುವೆಯ ಮೇಲೆ ಕೂತವರು ಮಾತು ಶುರು ಮಾಡುವುದು ಆರೋಗ್ಯ ವಿಚಾರಿಸಿ ಅಲ್ಲ.

“ಅರವತ್ತೊಂಬತ್ತನೇ ಮೈಲಿನಾಗ ಗೇಜ್ ಎಷ್ಟೈತಂತ ಮಾವ?”

“ಎಷ್ಟರ ಇರಲೇಳಪ್ಪ, ಇಲ್ಲಿಗಂತೂ ಬಂದಿಲ್ಲ.”

ಇಷ್ಟಾದ ಮೇಲೆ ಮಗಳ ಮದುವೆ, ಹತ್ತಿ ರೇಟು, ಯಾರ ಎತ್ತು ಯಾರ ಹೊಲಕ್ಕೆ ಬಿತ್ತು ಎಂಬ ಮುಖ್ಯ ವಿಷಯಗಳಿಗೆ ದಾರಿ ಸಲೀಸು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಹರಿದು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನಮ್ಮ ಸೇತುವೆಯ ಮೇಲೆ ಕೂಡಲು ಜಾಗ ಸಿಗಲಿಲ್ಲ. ತುಂಬಿದ ಡ್ಯಾಮು ಕಣ್ಣೆದುರೇ ಬರಿದಾಗುತ್ತಿದೆ, ಹಿಂಗಾರಿನ ಬೆಳೆ ಹೋಯಿತು ಎಂದು ಎಲ್ಲರ ಮುಖ ಬಾಡಿತ್ತು. ಆದರೆ ಬಾಯಿ ಬಾಡಿರಲಿಲ್ಲ. ಹರಿಯುವ ನೀರಿನಲ್ಲೇ ಹೊಸ ಗೇಟು ಇಳಿಸಲು ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಅಲ್ಲಿ ಹೆಣಗುತ್ತಿದ್ದರೆ, ಇಲ್ಲಿ ಒಬ್ಬೊಬ್ಬರದೂ ಒಂದೊಂದು ಪ್ಲಾನು. ನಮ್ಮ ಸೋದರಮಾವನ ಪ್ರಕಾರ ಎಪ್ಪತ್ತು ಹತ್ತಿ ಅಂಡಿಗೆ ಒತ್ತಿದ್ದರೆ ಕೆಲಸ ಮುಗಿದೇ ಹೋಗುತ್ತಿತ್ತು. ವಾರದೊಳಗೆ ಗೇಟು ಕೂತಿತು ಎಂಬ ಸುದ್ದಿ ಬಂದಾಗ ಸೇತುವೆಯೇ ಉಸಿರು ಬಿಟ್ಟಂತಾಯಿತು. ಮಾವನಿಗೆ ಮಾತ್ರ ತನ್ನ ಅಂಡಿಗೆಗಳಿಗೆ ಅವಕಾಶ ಸಿಗಲಿಲ್ಲವಲ್ಲ ಎಂಬ ಸಣ್ಣ ಬೇಜಾರು ಇನ್ನೂ ಇದೆ.

ಕೂಡುವುದಕ್ಕೂ ಒಂದು ಶಾಸ್ತ್ರವಿದೆ. ಯಾರೂ ಹೇಳಿಕೊಟ್ಟದ್ದಲ್ಲ. ರಸ್ತೆಯ ಕಡೆ ಕಾಲು ಇಳಿಬಿಟ್ಟು ಕೂತವನು ಮಾತಿಗೆ ಸಿಗುತ್ತಾನೆ ಎಂದು ಅರ್ಥ. ಗಾಡಿ ನಿಲ್ಲಿಸಿ ಮಾತಾಡಿಸಬಹುದು, ನಿಲ್ಲಿಸದಿದ್ದರೆ ಅವನೇ ಕೂಗುತ್ತಾನೆ. ಕಾಲುವೆಯ ಕಡೆ ಕಾಲು ಹಾಕಿ, ಬೆನ್ನು ರಸ್ತೆಗೆ ಕೊಟ್ಟು ಕೂತವನನ್ನು ಮಾತ್ರ ಮಾತಾಡಿಸಬಾರದು. ಬ್ಯಾಂಕಿನ ನೋಟಿಸು ಬಂದಿರಬಹುದು, ಮನೆಯಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ ಎದ್ದಿರಬಹುದು, ಅಥವಾ ಏನೂ ಆಗಿರಲಿಕ್ಕಿಲ್ಲ. ಊರಿನಲ್ಲಿ ಒಬ್ಬನೇ ಸುಮ್ಮನೆ ಕೂಡುವುದು ಸುಲಭವಲ್ಲ ನೋಡಿ. ಮನೆಯಲ್ಲಿ ಕೂತರೆ “ಯಾಕ, ಜ್ವರ ಬಂದಾವೇನು?” ಎನ್ನುತ್ತಾರೆ. ಗುಡಿಯಲ್ಲಿ ಕೂತರೆ ಭಕ್ತಿ ಹೆಚ್ಚಾಯಿತು ಎನ್ನುತ್ತಾರೆ, ಹೋಟೆಲಿನಲ್ಲಿ ಕೂತರೆ ಒಗ್ಗರಣಿ ಮಿರ್ಚಿ ತರಿಸಬೇಕಾಗುತ್ತದೆ. ಕಾರಣ ಕೊಡದೆ, ಖರ್ಚಿಲ್ಲದೆ ಒಬ್ಬನೇ ಇರಬಹುದಾದ ಜಾಗ ಸೇತುವೆಯೊಂದೇ. ನೀರಿಲ್ಲದ ಕಾಲುವೆಯನ್ನು ತಾಸುಗಟ್ಟಲೆ ನೋಡುತ್ತ ಕೂತವರನ್ನು ಕಂಡಿದ್ದೇನೆ. ಏನು ಕಾಣುತ್ತದೋ ಕೇಳಿಲ್ಲ. ಕಾಲು ಆ ಕಡೆ ಇತ್ತು.

ಈ ಶಾಸ್ತ್ರವೆಲ್ಲ ಗಂಡಸರದು. ಹೆಣ್ಣುಮಕ್ಕಳು ನಮ್ಮಲ್ಲಿ ಸೇತುವೆಯ ಮೇಲೆ ಕೂಡುವುದಿಲ್ಲ, ಕೂಡಲು ಬಿಟ್ಟವರೂ ಇಲ್ಲ. ಕಾಲುವೆಗೆ ನೀರು ಬಂದಾಗ ಅವರು ಕೆಳಗೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಮಾತಾಡುತ್ತಾರೆ. ಮೇಲಿನ ಸಭೆಗೆ ನಾಳೆ ತಲುಪುವ ಸುದ್ದಿ ಕೆಳಗಿನ ಸಭೆಯಲ್ಲಿ ನಿನ್ನೆಯೇ ತೀರ್ಮಾನವಾಗಿರುತ್ತದೆ. ನೀರು ನಿಂತರೆ ಅವರ ಸಭೆಯೂ ನಿಲ್ಲುತ್ತದೆ. ಅದು ನ್ಯಾಯವಲ್ಲ.

ದೇವದುರ್ಗದ ಕಡೆಯವರದು ಬೇರೆ ಕತೆ. ಅವರ ಹೂವಿನಹೆಡಗಿ ಸೇತುವೆ ಕೃಷ್ಣೆಯ ಮೇಲಿದೆ, ಆಚೆ ಶಹಾಪುರದ ಸೀಮೆ. ನಮಗೆ ನೀರು ಬಾರದ ಚಿಂತೆಯಾದರೆ ಅವರಿಗೆ ಬಂದರೆ ಚಿಂತೆ. ಮಹಾರಾಷ್ಟ್ರದಲ್ಲಿ ಮಳೆ ಹಿಡಿದು ನಾರಾಯಣಪುರ ಡ್ಯಾಮಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟರೆಂದರೆ ಸೇತುವೆ ಮುಳುಗುತ್ತದೆ. 2019ರಲ್ಲಿ ಹಾಗೇ ಆಯಿತು. ಇರುವಾಗ ಒಂದು ದಿನವೂ ಅದನ್ನು ನೋಡಲು ಹೋಗದ ಜನ, ಮುಳುಗಿತು ಎಂದ ಕೂಡಲೇ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಕಾಣದ ಸೇತುವೆಯನ್ನು ಕೈ ಮಾಡಿ ತೋರಿಸುತ್ತಾರೆ. ಎರಡೂ ದಡಕ್ಕೆ ಹೆಣ್ಣು ಕೊಟ್ಟು ತಂದ ಸಂಬಂಧಗಳಿವೆ. ತವರಿಗೆ ಬಂದ ಸೊಸೆಗೆ ಅತ್ತೆಯ ಫೋನು ಬಂದರೆ “ಬರಬೇಕಂತನ ಅದೀನಿ ಅತ್ತಿ, ಬ್ರಿಜ್ಜಿನ ಮ್ಯಾಲೆ ನೀರು ಬಂದೈತಿ” ಎಂಬ ಉತ್ತರ ಸಿದ್ಧವಿರುತ್ತದೆ. ಆ ದನಿಯಲ್ಲಿ ದುಃಖ ಎಷ್ಟು ಎಂದು ಅಳೆಯಲು ಯಾವ ಗೇಜೂ ಇಲ್ಲ.

ನದಿಯ ಮೇಲಿನ ಸೇತುವೆ ಎಂದರೆ ನನಗೆ ದೇವಸೂಗೂರಿನದು. ಹೈದರಾಬಾದ್ ರಸ್ತೆಯಲ್ಲಿ, ಶಕ್ತಿನಗರದ ಚಿಮಣಿಗಳ ಬುಡದಲ್ಲಿದ್ದಂತೆ ಕಾಣುವ ಕಮಾನುಗಳ ಸಾಲು. ನಿಜಾಮರ ಕಾಲದಲ್ಲಿ 1933ರಲ್ಲಿ ಶುರುವಾಗಿ 1943ಕ್ಕೆ ಮುಗಿದದ್ದು, ಹೆಸರು ಸಿರಾತ್-ಎ-ಜೂದಿ. ಉದ್ದ 2,488 ಅಡಿ, ಅಗಲ ಇಪ್ಪತ್ತೇ ಅಡಿ. ಈ ಇಪ್ಪತ್ತು ಅಡಿಯನ್ನು ಎಲ್ಲರೂ ಬಯ್ಯುತ್ತಾರೆ. ನನಗೆ ಅದರ ಮೇಲೆ ಪ್ರೀತಿ. ಎರಡು ಲಾರಿ ಎದುರಾದರೆ ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಲೇಬೇಕು, ಮಾತಾಡಲೇಬೇಕು. ಮೊದಲ ಮಾತು ಬೈಗುಳವಾದರೂ ನಡುಸೇತುವೆಯಲ್ಲಿ ಅಂಗುಲ ಅಂಗುಲವಾಗಿ ಒಬ್ಬರನ್ನೊಬ್ಬರು ದಾಟುವ ಹೊತ್ತಿಗೆ “ಯಾವೂರಣ್ಣ?” ಎಂಬಲ್ಲಿಗೆ ಬಂದಿರುತ್ತದೆ. ಬಸ್ಸು ಹಾಗೆ ತೆವಳುವಾಗ ಅಜ್ಜಿಯರು ಸೆರಗಿನ ಗಂಟು ಬಿಚ್ಚಿ ಕೃಷ್ಣವ್ವನಿಗೆ ನಾಣ್ಯ ಎಸೆಯುತ್ತಾರೆ. ವೇಗವಾಗಿ ಹೋದರೆ ನಾಣ್ಯ ರಸ್ತೆಗೇ ಬೀಳುತ್ತದೆ, ನದಿಗೆ ನಷ್ಟ.

ಅಲ್ಲೇ ಕೃಷ್ಣೆಯ ನಡುಗಡ್ಡೆಗಳಲ್ಲಿ, ಕುರ್ವಕುಲದಂಥ ಊರುಗಳವರು ತಲೆಮಾರುಗಳಿಂದ ಹರಿಗೋಲನ್ನೇ ನಂಬಿ ಬದುಕಿದರು. ಹರಿಗೋಲಿನಲ್ಲಿ ಬೆನ್ನು ಕೊಟ್ಟು ಕೂಡಲು ಬರುವುದಿಲ್ಲ. ದುಂಡಗಿನ ಬುಟ್ಟಿ, ಎಲ್ಲರ ಮುಖ ಎಲ್ಲರಿಗೆ. ಸೇತುವೆಯ ಮೇಲೆ ಒಂಟಿಯಾಗಿರುವುದೂ ಒಂದು ಸೌಕರ್ಯ ಎಂದು ಅವರನ್ನು ನೆನೆದಾಗ ಹೊಳೆಯುತ್ತದೆ.

ಮಾನ್ವಿ, ದೇವದುರ್ಗದಿಂದ ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ ಗುಳೆ ಹೋಗುವ ಹುಡುಗರಿದ್ದಾರೆ. ಅಲ್ಲಿ ಅವರು ಕಟ್ಟುವುದು ಹೆಚ್ಚಾಗಿ ದೊಡ್ಡ ಬಿಲ್ಡಿಂಗು, ದೊಡ್ಡ ಸೇತುವೆ. ಅಲಾಯಿ ಹಬ್ಬಕ್ಕೆ ಊರಿಗೆ ಬಂದ ಒಬ್ಬ ನಮ್ಮ ಗೋಡೆಯ ಮೇಲೆ ಕೂತು ಹೇಳಿದ: “ಎಂಥಾ ಫ್ಲೈಓವರ್ ಅಂತೀರಿ ಕಾಕಾ, ನೋಡಾಕ ಎರಡು ಕಣ್ಣು ಸಾಲಂಗಿಲ್ಲ. ಆದ್ರ ಕೆಲಸ ಮುಗಿದ ದಿನ ಇಳಿಸಿಬಿಟ್ರು. ಅದರ ಮ್ಯಾಲೆ ಯಾರೂ ಕುಂಡ್ರಂಗಿಲ್ಲ, ನಾವೂ ಸೈತ.” ಹೇಳುವಾಗ ಕಾಲು ರಸ್ತೆಯ ಕಡೆ ಇತ್ತು. ಹೇಳಿ ಮುಗಿಸಿ ಆ ಕಡೆ ತಿರುಗಿ ಕೂತ. ನಾವು ಎದ್ದು ಸ್ವಲ್ಪ ದೂರ ಸರಿದೆವು.

ಈಗ ನಮ್ಮ ಕಡೆಯೂ ಹೊಸ ಸೇತುವೆಗಳ ಕಾಲ. ಗೋಡೆಯ ಬದಲು ಬಾಗಿದ ತಗಡಿನ ಪಟ್ಟಿ, ಹೊಳೆಯುವ ಸ್ಟಿಕ್ಕರು. ಗಾಡಿಗೆ ಸುರಕ್ಷಿತ, ಒಪ್ಪುತ್ತೇನೆ. ಅದರ ಮೇಲೆ ಮನುಷ್ಯ ಕೂಡಲಾರ, ಏಪ್ರಿಲ್ಲಿನ ಬಿಸಿಲಲ್ಲಿ ಕಾಗೆಯೂ ಕೂಡಲಾರದು. ಅದಕ್ಕೆ ಹಿರಿಯರೆಲ್ಲ ಸೇರಿ, ಹಳೆಯ ಸೇತುವೆ ಒಡೆದು ಕಟ್ಟುವುದಾದರೆ ಕೂಡುವಂಥ ಗೋಡೆಯನ್ನೇ ಕಟ್ಟಬೇಕೆಂದು ಅರ್ಜಿ ಬರೆಯಲು ನನ್ನನ್ನು ನೇಮಿಸಿದ್ದಾರೆ. ಅರ್ಜಿ ಬರೆದಾಗಿದೆ, ಸಹಿಗಳೂ ಬಿದ್ದಿವೆ. ಗೋಡೆಯ ಅಗಲ ಒಂದೂವರೆ ಅಡಿ ಸಾಕೋ ಎರಡು ಅಡಿ ಬೇಕೋ ಎಂಬ ಜಾಗ ಮಾತ್ರ ಖಾಲಿ ಉಳಿದಿದೆ. ದಿನಾ ಸಂಜೆ ಅದರದೇ ಚರ್ಚೆ. ಮಲಗಲಿಕ್ಕೂ ಬರಬೇಕು ಎನ್ನುವ ಸೋದರಮಾವನ ಪಕ್ಷ ಇತ್ತೀಚೆಗೆ ಬಲವಾಗುತ್ತಿದೆ.