ತಾಯಿಯ ಹೆಸರೂ ಇರುವ ವಂಶವೃಕ್ಷ

ಪುಟಾಣಿ ಕುದುರೆಗಳೆಂದರೆ ನಂಗೆ ಹುಚ್ಚು. ಸಾಕಿದ್ದೇನಿಲ್ಲ, ಓದಿದ್ದು, ಫೋಟೊ ನೋಡಿದ್ದು ಅಷ್ಟೇ. ಅಮೆರಿಕದಲ್ಲಿ ಇವುಗಳಿಗಾಗಿಯೇ 1978ರಲ್ಲಿ ಒಂದು ಸಂಘ ಹುಟ್ಟಿತು. ಎತ್ತರ 34 ಅಂಗುಲ ಮೀರಬಾರದು ಅನ್ನೋದು ಅದರ ನಿಯಮ. ನಮ್ಮ ಊಟದ ಮೇಜಿಗಿಂತ ಒಂಚೂರು ಎತ್ತರ, ಅಷ್ಟೇ!

ಹಳೆಯ ಗಂಡು ಕುದುರೆಗಳಲ್ಲಿ ದೊಡ್ಡ ಹೆಸರು ಬೂನ್ಸ್ ಲಿಟಲ್ ಬಕರೂ. ಇಂಡಿಯಾನಾದ ಲಿಟಲ್ ಕಿಂಗ್ ಫಾರ್ಮಿನವನು. ಅವನ ಮಕ್ಕಳು, ಮೊಮ್ಮಕ್ಕಳು ಪ್ರದರ್ಶನಗಳಲ್ಲಿ ಗೆದ್ದು ಅವನ ಹೆಸರನ್ನು ಉಳಿಸಿದರು. ಗಂಡಾದರೆ ಒಂದೇ ವರ್ಷದಲ್ಲಿ ಹಲವು ಮರಿಗಳಿಗೆ ಅಪ್ಪ ಆಗ್ತಾನೆ. ಹೆಣ್ಣು? ಸುಮಾರು ಹನ್ನೊಂದು ತಿಂಗಳು ಹೊತ್ತರೆ ಸಾಮಾನ್ಯವಾಗಿ ಒಂದೇ ಮರಿ. ಪುಟ್ಟ ಒಡಲು, ಹೆರಿಗೆಯೂ ಕಷ್ಟ. ಹಾಗಾಗಿ ಮಾಲೀಕರು ರಾತ್ರಿಯೆಲ್ಲ ಲಾಯದಲ್ಲಿ ಕಾವಲು ಕೂರ್ತಾರೆ. ಇಷ್ಟೆಲ್ಲ ಪಟ್ಟರೂ ಜನ ನೆನೆಯೋದು ಅಪ್ಪನನ್ನೇ.

ಮರಿಗಳಿಲ್ಲದೆಯೂ ನೆನಪಾಗಿ ಉಳಿದವಳು ಥಂಬೆಲಿನಾ. 2001ರಲ್ಲಿ ಮಿಸೌರಿಯಲ್ಲಿ ಹುಟ್ಟಿದವಳು. ಎತ್ತರ ಬರೀ 17.5 ಅಂಗುಲ. 2006ರಲ್ಲಿ ಗಿನ್ನೆಸ್ ದಾಖಲೆ. ಆ ಗಿಡ್ಡತನಕ್ಕೆ ಕಾರಣ ಕುಬ್ಜತೆ. ಅದಕ್ಕೇ ಮಾಲೀಕರು ಅವಳಿಂದ ಮರಿ ಪಡೆಯಲಿಲ್ಲ. ಕಾಯಿಲೆಯ ಮಕ್ಕಳನ್ನು ನಗಿಸುತ್ತಾ ಓಡಾಡಿದಳು. 2018ರಲ್ಲಿ ತೀರಿಕೊಂಡಳು.

ಒಂದು ಮಾತು ಮಾತ್ರ ಮನಸ್ಸಿಗೆ ನಾಟಿದೆ. ಕುದುರೆಯ ವಂಶಪತ್ರದಲ್ಲಿ ಅಪ್ಪನ ಹೆಸರಿನ ಕೆಳಗೆ ಅಮ್ಮನದು, ಆಮೇಲೆ ಅಮ್ಮನ ಅಮ್ಮನದು ಬರೀತಾರೆ. ನಮ್ಮ ಮನೆಯ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ಹನ್ನೊಂದು ಹೆತ್ತ ಅಜ್ಜಿಯ ಹೆಸರಿಲ್ಲ. ಈ ದೀಪಾವಳಿಗೆ ಎಲ್ಲರೂ ಸೇರಿದಾಗ ಅದನ್ನು ನಾನೇ ಬರೀತೀನಿ. ನೀವೂ ನಿಮ್ಮನೇದು ಒಮ್ಮೆ ತೆಗೆದು ನೋಡಿ.